ಮನೆಯಲ್ಲಿ ಕನ್ನಡ ಬೇಡ ಅಂದರು

ಮ್ಯಾಡಮ್ ಹೇಳಿದ್ದಕ್ಕೆಲ್ಲ ಗಂಡ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದುದನ್ನು ನೋಡಿ ಸುಮಂಗಲಾಳ ಮೈಯೆಲ್ಲ ಉರಿಯತೊಡಗಿತು.

ಅಂದು ಮಗಳು ರಂಜಿನಿಯ ಶಾಲೆಯಲ್ಲಿ ಪಾಲಕರ ಸಭೆ. ಹೊರಗೆ ಪುಣೆ ಹತ್ತಿರದ ತಳೇಗಾಂವದ ಜುಲೈ ಮಳೆ ಹೊಡೆಯುತ್ತಿತ್ತು. ಸೀನಿಯರ್ ಕೇಜಿಯ ಕೋಣೆಯೊಳಗೆ ಒದ್ದೆ ಛತ್ರಿಗಳ ವಾಸನೆ ತುಂಬಿತ್ತು. ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೇರಿಸಿಕೊಂಡು ಕೂತು ತಮ್ಮ ಸರದಿಗೆ ಕಾಯುತ್ತಿದ್ದರು. ಮಾಧುರಿ ಮ್ಯಾಡಮ್ ರಂಜಿನಿಯ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಹರವಿದಳು. ಹಾಳೆಯ ಮೂಲೆಯಲ್ಲಿ ಪೆನ್ಸಿಲ್ ಊರಿ ಊರಿ ಮಾಡಿದ ಒಂದು ತೂತು ಬಿಟ್ಟರೆ ಬೇರೇನೂ ಇರಲಿಲ್ಲ.

"ನಿಮ್ಮ ಮಗಳು ಬಾಯೇ ಬಿಡುವುದಿಲ್ಲ. ಅಕ್ಷರ ತೋರಿಸಿದರೆ ನೆಲ ನೋಡುತ್ತಾಳೆ," ಎಂದಳು ಮ್ಯಾಡಮ್ ಮರಾಠಿಯಲ್ಲಿ. "ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?"

"ಕನ್ನಡ," ಎಂದ ಮನೋಹರ. ಮನೆಯಲ್ಲಿ ಯಾರಿಗೋ ಅಂಟುರೋಗವಿದೆ ಎಂದು ಒಪ್ಪಿಕೊಳ್ಳುವವನ ಧ್ವನಿ ಅದು.

"ಹಾಗಾದರೆ ಅದೇ ತೊಂದರೆ. ಮೂರು ಮೂರು ಭಾಷೆ ಸೇರಿ ಮಗುವಿನ ತಲೆ ಕಲಸಿಹೋಗಿದೆ. ಮನೆಯಲ್ಲಿ ಕನ್ನಡ ನಿಲ್ಲಿಸಿ. ಇಂಗ್ಲಿಷ್ ಆಗದಿದ್ದರೆ ಮರಾಠಿಯನ್ನಾದರೂ ಆಡಿ. ತಾಯಿಗೆ ಎರಡೂ ಸರಿಯಾಗಿ ಬರದಿದ್ದರೆ ಅವರು ಮಗುವಿನ ಜೊತೆ ಮಾತು ಕಡಿಮೆ ಮಾಡಲಿ."

ತನ್ನನ್ನು ಎದುರಿಗೆ ಕೂರಿಸಿಕೊಂಡು 'ತಾಯಿ' ಎಂದು ಯಾರೋ ಮೂರನೆಯವಳ ಬಗ್ಗೆ ಆಡಿದಂತೆ ಆಡಿದ ಆ ಮಾತು ಸುಮಂಗಲಾಳಿಗೆ ಪೂರ್ತಿ ತಿಳಿಯಿತು. ಸಿಂದಗಿಯಿಂದ ಮದುವೆಯಾಗಿ ಬಂದ ಮೇಲೆ ಮರಾಠಿ ಅವಳ ಕಿವಿಗೆ ಚೆನ್ನಾಗಿ ಹತ್ತಿತ್ತು. ನಾಲಿಗೆಗೆ ಮಾತ್ರ ತರಕಾರಿ ಕೊಳ್ಳುವಷ್ಟು, ನಳದ ಸರದಿಗೆ ಜಗಳಾಡುವಷ್ಟು ಹತ್ತಿತ್ತು. ಉತ್ತರ ಎದೆಯಲ್ಲಿ ಕನ್ನಡದಲ್ಲಿ ಸಿದ್ಧವಾಗಿ ನಿಂತಿತ್ತು. ಅದನ್ನು ಮರಾಠಿಗೆ ತಿರುಗಿಸುವಷ್ಟರಲ್ಲಿ ಮನೋಹರ ಕೈಮುಗಿದು ಎದ್ದಾಗಿತ್ತು.

ದಾರಿಯಲ್ಲೇ ಅವನು ಹುಕುಂ ಹೊರಡಿಸಿದ. "ಇವತ್ತಿನಿಂದ ಮನ್ಯಾಗ ಕನ್ನಡ ಬಂದ್. ಅವ್ವ ಅನ್ನೂದೂ ಬ್ಯಾಡ, ಮಮ್ಮಿ ಅನ್ನಲಿ."

"ನನ್ನ ಮಗಳ ಜೋಡಿ ನಾ ಮಾತಾಡಬಾರ್ದೇನ್ರಿ?"

"ಮಾತಾಡು, ಮರಾಠಿ ಒಳಗ ಮಾತಾಡು. ಚಾಕಣದಾಗ ನಾ ಬಾಯಿ ತೆರದ್ರ ಸಾಕು, ಸೂಪರ್‌ವೈಜರ್ ನನ್ನ ಮಾತು ಹಂಗss ಆಡಿ ತೋರಿಸ್ತಾನ. ಲೈನ್ ಮ್ಯಾಲಿದ್ದವ್ರೆಲ್ಲಾ ನಗ್ತಾರ. ನನ್ನ ಮಗಳಿಗೆ ಹಂಗ ಆಗಬಾರ್ದು."

ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನು ಮಶೀನ್ ಆಪರೇಟರ್. ಅಲ್ಲಿ ನುಂಗಿಕೊಂಡದ್ದನ್ನೆಲ್ಲ ಅವನು ಮನೆಗೆ ತಂದು ಇಳಿಸುತ್ತಿದ್ದ. ಅದು ಸುಮಂಗಲಾಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಂದು ಬಾಯಿ ಕಟ್ಟಿಕೊಂಡಳು. ಆಮೇಲೆ ಆ ಬಾಯಿ ಕಟ್ಟಿಕೊಂಡದ್ದಕ್ಕೂ ತನ್ನ ಮೇಲೆ ತಾನೇ ಹಲ್ಲು ಕಡಿದಳು.

ಅಲ್ಲಿಯವರೆಗೆ ಆ ಎರಡು ಕೋಣೆಯ ಮನೆಯಲ್ಲಿ ಮಾತು ನಿಂತದ್ದೇ ಇರಲಿಲ್ಲ. ರಂಜಿನಿಯ ತಲೆ ಬಾಚುವಾಗ ಒಂದು ಕಥೆ, ರೊಟ್ಟಿ ಬಡಿಯುವಾಗ ಒಂದು ಒಗಟು, ಎಣ್ಣೆ ಹಚ್ಚುವಾಗ ಸುಮಂಗಲಾ ತನ್ನ ತವರಿನ ಕುಂಟ ಎಮ್ಮೆಯ ಪ್ರತಾಪ ಹೇಳುತ್ತಿದ್ದಳು. ಹುಡುಗಿ ನಡುನಡುವೆ ಬಾಯಿ ಹಾಕಿ ಎಮ್ಮೆಗೆ ಹೊಸ ಹೊಸ ಸಾಹಸ ಕಟ್ಟುತ್ತಿದ್ದಳು. ಈಗ ಸುಮಂಗಲಾಳ ಬಾಯಿಂದ ಮಗಳಿಗೆ ಹೊರಡುತ್ತಿದ್ದುದು ಬಸ್, ಜೇವ್, ಝೋಪ್. ಕೂಡು, ಉಣ್ಣು, ಮಲಗು. ಮರಾಠಿಯಲ್ಲಿ ಕುಂಟ ಎಮ್ಮೆ ಹೇಗೆ ಓಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕಾರ್ಖಾನೆಯಿಂದ ಬಂದ ಮನೋಹರ ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಹಚ್ಚಿ ಮಗಳ ಕೈಗೆ ಕೊಡುತ್ತಿದ್ದ. ಹುಡುಗಿ ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂರುತ್ತಿದ್ದಳು. ಮನೆಯಲ್ಲಿ ಆ ಹಾಡೊಂದೇ ಸದ್ದು.

ಆಗಸ್ಟಿನ ಒಂದು ಬೆಳಗ್ಗೆ ಮಗಳನ್ನು ಎಬ್ಬಿಸಲು ಹೋದ ಸುಮಂಗಲಾ ದಿಂಬು ನೋಡಿ ಬೆಚ್ಚಿದಳು. ಹಳದಿ ಕೀವಿನ ಕಲೆ. ರಂಜಿನಿಯ ಎಡಗಿವಿ ಕೆಂಪಾಗಿ ಬಾತಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು.

"ಕಿವಿ ನೋಯ್ಲಿಕ್ಕತ್ತಿತ್ತು ಅಂದ್ರ ಹೇಳಬಾರ್ದೇನs ನನ್ನವ್ವಾ?" ಹುಕುಂ ಗಿಕುಂ ಎಲ್ಲ ಮರೆತು ಕನ್ನಡ ಬಾಯಿಂದ ಹಾರಿತು.

ಹುಡುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಮನೋಹರ ಹಲ್ಲುಜ್ಜುತ್ತ ನಿಂತಿದ್ದ. ಅವಳು ತಾಯಿಯ ಕೊರಳಿಗೆ ಮುಖ ಒತ್ತಿ ಪಿಸುಗುಟ್ಟಿದಳು. "ಕಿವಿ ಸಿಡೀತದ ಅನ್ನೂದಕ್ಕ ಮರಾಠಿ ಒಳಗ ಏನಂತಾರ ನಂಗ ಗೊತ್ತಿಲ್ಲ."

ಸುಮಂಗಲಾ ಮಗಳನ್ನು ಮೆಲ್ಲಗೆ ಮಲಗಿಸಿ ಎದ್ದು ನಿಂತಳು. ಕೈಗೆ ಆ ದಿಂಬು ಸಿಕ್ಕಿತು. ಅದನ್ನು ತಂದು ಗಂಡನ ಎದೆಗೆ ಒತ್ತಿ ಹಿಡಿದಳು.

"ನೋಡ್ರಿ ಇದನ್ನ. ಕಣ್ಣ ಬಿಟ್ಟ ನೋಡ್ರಿ. ನನ್ನ ಕೂಸು ಕಿವಿ ಸೋರಿಸ್ಕೊಂಡು ಸುಮ್ಮ ಮಲಗ್ಯದ. ಯಾಕ? ನೀವು ಮಾತು ಬಂದ್ ಮಾಡೀರಿ ಅಂತ!"

"ಮ್ಯಾಡಮ್ ಹೇಳಿದ್ರಲ್ಲ..."

"ಮ್ಯಾಡಮ್ ಹಡದಾಳೇನು ಇಕಿನ್ನ? ಮ್ಯಾಡಮ್ ಬಂದು ಕಿವಿ ಒರಸ್ತಾಳೇನು? ನಿಮ್ಮ ಸೂಪರ್‌ವೈಜರ್ ಅಣಕಿಸಿದ್ರ ಅವನ ಬಾಯಿ ಮುಚ್ಚಸ್ರಿ. ಅಲ್ಲೆ ಆಗಲಿಲ್ಲ ಅಂತ ಇಲ್ಲಿ ಬಂದು ನನ್ನ ಬಾಯಿ ಮುಚ್ಚಿಸಬ್ಯಾಡ್ರಿ!"

ಮನೋಹರನ ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ನಿಂತಿತ್ತು. ಪಕ್ಕದ ಮನೆಗಳ ಬಾಗಿಲು ತೆರೆದವು. ಅವಳು ತಗ್ಗಲಿಲ್ಲ. ಕಂಪನಿಯ ಬಸ್ಸು ಹಾರ್ನ್ ಹಾಕಿದಾಗ ಅವನು ತಿಂಡಿ ತಿನ್ನದೆ ಹೋದ. ಅವಳು ಮಗಳನ್ನು ಹೊತ್ತು ಡಾಕ್ಟರ ಹತ್ತಿರ ಹೋದಳು. ದಾರಿಯುದ್ದಕ್ಕೂ ಕುಂಟ ಎಮ್ಮೆಯ ಕಥೆಯನ್ನು ಕನ್ನಡದಲ್ಲಿ, ಎದುರು ಬಂದವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳುತ್ತ ಹೋದಳು.

ಕಿವಿ ವಾಸಿಯಾಯಿತು. ಸಿಟ್ಟು ವಾಸಿಯಾಗಲಿಲ್ಲ. ಅದು ಈಗ ಹಟವಾಯಿತು. ಆ ಮ್ಯಾಡಮ್ಮಳ ಎದುರು ನನ್ನ ಮಗಳು ಪಟಪಟನೆ ಓದಬೇಕು, ಕನ್ನಡದವ್ವನ ಮಗಳೇ ಓದಬೇಕು ಎಂದುಕೊಂಡಳು. ಸಂಜೆ ಮನೆಯ ಮುಂದಿನ ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತಳು. ಮರಾಠಿಯ ಅಕ್ಷರ ಬರೆದಳು, ಇಂಗ್ಲಿಷಿನದು ಬರೆದಳು. "ಇದೇನು? ಹೇಳು. ನಿನ್ನೆ ಹೇಳೀನಲ್ಲ, ಹೇಳು!" ಹುಡುಗಿ ನೆಲ ನೋಡಿದಳು. ಸುಮಂಗಲಾಳ ಧ್ವನಿ ಏರಿತು, ಕೈಯೂ ಮೇಲೆದ್ದಿತು. ರಂಜಿನಿ ತಟ್ಟನೆ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು.

"ಹೊಡಿ, ಹೊಡಿ. ಯಾಕ ನಿಂತಿ? ಕಡೀಕ ಅದೊಂದ ಉಳದದ," ಎಂಬ ಮಾತು ಮೆಟ್ಟಿಲ ಕಡೆಯಿಂದ ಬಂತು.

ಕೆಳಗಿನ ಮನೆಯ ಗೌರಾಬಾಯಿ ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಮಾಳಿಗೆಯಿಂದ ಇಳಿಯುತ್ತಿದ್ದಳು. ಅಕ್ಕಲಕೋಟೆ ಕಡೆಯ ಹೆಂಗಸು. ಕನ್ನಡ ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಬಹಳ ವರ್ಷ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸಿ ಈಗ ಮೊಣಕಾಲು ನೋವಿನಿಂದ ಮನೆಯಲ್ಲಿದ್ದಳು. ನಯವಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಿಮ್ಮ ಕೆಲಸ ನೀವು ನೋಡ್ಕೋರಿ ಅಕ್ಕಾ," ಎಂದಳು ಸುಮಂಗಲಾ.

"ನೋಡ್ಕೋತೀನಿ. ನಿನ್ನ ಸಿಟ್ಟು ಶಾಲಿ ಮ್ಯಾಲ ಅದ, ಗಂಡನ ಮ್ಯಾಲ ಅದ. ಅದನ್ನ ತಂದು ಈ ಪಾಟಿ ಮ್ಯಾಲ ಬರದ್ರ ಕೂಸು ಅದನ್ನs ಓದ್ತದ, ಅಕ್ಷರ ಓದೂದಿಲ್ಲ."

ಅಷ್ಟು ಹೇಳಿ ಗೌರಾಬಾಯಿ ಒಂದೊಂದೇ ಮೆಟ್ಟಿಲು ಹಿಡಿದು ಇಳಿದುಹೋದಳು. ಸುಮಂಗಲಾಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಆ ಮುದುಕಿಯನ್ನೂ ಬಯ್ದಳು, ಮನಸ್ಸಿನಲ್ಲೇ, ಎರಡು ದಿನ. ಮಗಳ ಎರಡು ಅಂಗೈ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಮೂರನೆಯ ದಿನ ತಾನೇ ಕೆಳಗಿಳಿದು ಬಾಗಿಲಲ್ಲಿ ನಿಂತಳು.

"ಹೆಂಗ ಕಲಿಸ್ಬೇಕು ಹೇಳ್ರಿ," ಎಂದಳು. ಕೇಳಿದ್ದರಲ್ಲೂ ಜಗಳದ ಧ್ವನಿಯೇ ಇತ್ತು.

ಗೌರಾಬಾಯಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಕಲಿಸಬ್ಯಾಡ. ಆಟ ಆಡು. ಮೊದಲ ಕಿವಿಗೆ ಸಪ್ಪಳ ಗೊತ್ತಾಗಬೇಕು, ಆಮ್ಯಾಲ ಕಣ್ಣಿಗೆ ಅಕ್ಷರ. ಆ ಸಪ್ಪಳ ನಿನ್ನ ಮಾತಿನಾಗ ಎಷ್ಟು ಬೇಕಷ್ಟು ಅದಾವ. ಕೂಸು ಮಾರಿ ಆಕಡೆ ತಿರಿವಿತು ಅಂದ್ರ ಅಲ್ಲಿಗೆ ಆಟ ಮುಗೀತು. ಅದೊಂದು ನೆನಪಿಡು."

"ಮತ್ತ ಮ್ಯಾಡಮ್ ಕನ್ನಡ ಬ್ಯಾಡ ಅಂತಾಳಲ್ರಿ?"

"ಮ್ಯಾಡಮ್ಮಗ ಯಾರೋ ಹೇಳ್ಯಾರ, ಆಕಿ ನಿನಗ ಹೇಳ್ಯಾಳ. ನನಗೂ ಹಂಗs ಹೇಳಿದ್ರು, ನಾನೂ ಮೊದಮೊದಲು ತಾಯಂದಿರಿಗೆ ಹಂಗs ಹೇಳ್ತಿದ್ದೆ. ಆಮ್ಯಾಲ ನೋಡೀನಿ. ಮನ್ಯಾಗ ಬಾಯಿ ತುಂಬ ಮಾತಾಡೂ ಕೂಸು ಯಾವ ಭಾಷಾ ಕೊಟ್ರೂ ಹಿಡೀತದ."

ಮರುದಿನ ಅಕ್ಕಿ ಹಸನು ಮಾಡುವಾಗ ಸುಮಂಗಲಾ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಕ ಅಂತ ಸುರು ಆಗೂ ಸಾಮಾನು ಅಡಗಿಮನ್ಯಾಗ ಏನೇನದ ಹುಡುಕೂಣು?" ಎಂದಳು. ಹುಡುಗಿ ಅನುಮಾನದಿಂದ ನೋಡಿದಳು, ಪಾಟಿ ಎಲ್ಲಾದರೂ ಇದೆಯೋ ಎಂದು. ಪಾಟಿ ಇರಲಿಲ್ಲ. "ಕರಿಬೇವು," ಎಂದಳು ಮೆಲ್ಲಗೆ. ಆಮೇಲೆ ಕಡಲೆ, ಕತ್ತರಿ, ಕಪ್ಪುಬಶಿ, ಉಳ್ಳಾಗಡ್ಡಿಗೆ ಮರಾಠಿಯ ಕಾಂದಾ. ಕೊನೆಗೆ "ಕುಂಟ ಎಮ್ಮಿ!" ಎಂದು ಕೂಗಿ ತಾನೇ ನಕ್ಕಳು. ಎಷ್ಟೋ ವಾರಗಳ ಮೇಲೆ ಆ ಮನೆಯಲ್ಲಿ ಆ ನಗು ಕೇಳಿತು. ಸುಮಂಗಲಾಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು. ಇದನ್ನು ಕಸಿದುಕೊಂಡಿದ್ದರಲ್ಲ ಎಂದು.

ಹಾಗೆ ಶುರುವಾಯಿತು. ರೊಟ್ಟಿ ಮಾಡುವ ಮೊದಲು ಪರಾತದಲ್ಲಿ ಜೋಳದ ಹಿಟ್ಟು ಹರವಿ ಹುಡುಗಿ ಬೆರಳಿನಿಂದ ಶಾಲೆಯ ಮರಾಠಿ, ಇಂಗ್ಲಿಷ್ ಅಕ್ಷರ ಗೀಚುವಳು. ತಪ್ಪಿದರೆ ಅಂಗೈಯಿಂದ ಸವರಿದರೆ ಆಯಿತು, ಹಾಳೆಯ ಮೇಲಿನ ಹಾಗೆ ತಪ್ಪು ಉಳಿಯುತ್ತಿರಲಿಲ್ಲ. ಹೆಸರುಗಳನ್ನು ಚಪ್ಪಾಳೆಯ ಮೇಲೆ ಒಡೆಯುವುದು ಅವಳಿಗೆ ಭಾರೀ ಇಷ್ಟವಾಯಿತು. ರಂ-ಜಿ-ನಿ, ಮ-ನೋ-ಹ-ರ. ಗೌರಾಬಾಯಿ ಟ್ರಂಕಿನಿಂದ ಮರಾಠಿಯ ಒಂದು ಚಿತ್ರದ ಪುಸ್ತಕ ತೆಗೆದು ಕೊಟ್ಟಳು. ಇಲಿಯೊಂದು ಟೋಪಿ ಕಳೆದುಕೊಂಡ ಕಥೆ, ಕೊನೆಯ ಹಾಳೆ ಹರಿದುಹೋಗಿತ್ತು. ಸುಮಂಗಲಾ ಸಾಲಿನ ಕೆಳಗೆ ಬೆರಳಿಟ್ಟು ತಡವರಿಸುತ್ತ ಓದಿ, ಕನ್ನಡದಲ್ಲಿ ಅದನ್ನು ಹಿಗ್ಗಿಸಿ ಹೇಳುವಳು. ದಿನಾ ಅದೇ ಪುಸ್ತಕ. ದಿನಾ ರಂಜಿನಿ ಇಲ್ಲದ ಕೊನೆಯ ಹಾಳೆಗೆ ಬೇರೆ ಬೇರೆ ಮುಕ್ತಾಯ ಕಟ್ಟುವಳು. ಒಂದು ದಿನ ಟೋಪಿ ಸಿಗುತ್ತಿತ್ತು, ಇನ್ನೊಂದು ದಿನ ಎಮ್ಮೆ ತಿಂದುಬಿಟ್ಟಿರುತ್ತಿತ್ತು.

ಎಲ್ಲ ದಿನವೂ ಹೀಗೆ ಸಲೀಸಾಗಿರಲಿಲ್ಲ. ಕೆಲವು ದಿನ ಹುಡುಗಿ ನಿನ್ನೆ ಗುರುತಿಸಿದ್ದನ್ನು ಇಂದು ಗುರುತಿಸುತ್ತಿರಲಿಲ್ಲ. ಶಾಲೆಯಿಂದ ಅಳುತ್ತ ಬಂದ ದಿನ ಹಿಟ್ಟನ್ನು ಮುಟ್ಟುತ್ತಲೂ ಇರಲಿಲ್ಲ. ಸುಮಂಗಲಾಳ ಗಂಟಲಿಗೆ 'ಹೇಳು!' ಎಂಬ ಮಾತು ಏರಿ ಬರುತ್ತಿತ್ತು. ಆಗ ಅವಳು ಎದ್ದು ನಳದ ಹತ್ತಿರ ಹೋಗಿ, ಒಗೆಯಲು ಇರುವುದು ಇಲ್ಲದಿರುವುದು ಎಲ್ಲವನ್ನೂ ಕಲ್ಲಿಗೆ ಬಡಿದು ಬಡಿದು ಒಗೆಯುವಳು. ಆ ತಿಂಗಳುಗಳಲ್ಲಿ ಮನೋಹರನ ಕಂಪನಿಯ ಅಂಗಿಗಳ ಗುಂಡಿ ಒಂದೂ ನೆಟ್ಟಗೆ ಉಳಿಯಲಿಲ್ಲ.

ಮನೋಹರ ಇದೆಲ್ಲವನ್ನೂ ಕಂಡೂ ಕಾಣದವನಂತಿದ್ದ. "ಹಿಟ್ಟಿನಾಗ ಆಟ ಆಡಿದ್ರ ಇಂಗ್ಲಿಷ್ ಬರ್ತದ?" ಎಂದು ಒಂದೆರಡು ಸಲ ಗೊಣಗಿದ. ಅವಳು ಪರಾತವನ್ನು ಮಗಳ ಕಡೆ ಇನ್ನಷ್ಟು ಸರಿಸಿದಳು. ಅವರಿಬ್ಬರ ನಡುವೆ ಊಟಕ್ಕೆ, ಗ್ಯಾಸಿಗೆ, ಬಾಡಿಗೆಗೆ ಬೇಕಾದಷ್ಟೇ ಮಾತು ಉಳಿದಿತ್ತು. ಆದರೂ ಮಗಳ ಕೈಗೆ ಮೊಬೈಲ್ ಕೊಡುವುದನ್ನು ಅವನು ತಾನಾಗಿಯೇ ಬಿಟ್ಟ. ಹುಡುಗಿ ಈಗ ಅದನ್ನು ಕೇಳುತ್ತಿರಲಿಲ್ಲ.

ಒಂದು ಸಂಜೆ ಸ್ಟೇಷನ್ ರಸ್ತೆಯಲ್ಲಿ ಬಾಳೆಹಣ್ಣಿನ ಗಾಡಿಯ ಮುಂದೆ ರಂಜಿನಿ ತಾಯಿಯ ಕೈ ಎಳೆದು ನಿಂತಳು. ಗಾಡಿಗೆ ಮರಾಠಿಯಲ್ಲಿ ಬರೆದ ರಟ್ಟಿನ ಹಲಗೆ ಕಟ್ಟಿತ್ತು. "ಅವ್ವಾ, ಬಾಳಿಹಣ್ಣಿನಾಗಿನ ಳ ಇಲ್ಲೂ ಅದ," ಎಂದಳು. ಆಮೇಲೆ ಚಪ್ಪಾಳೆ ತಟ್ಟಿದಳು, ಒಂದು, ಎರಡು. "ಕೇ... ಳಿ. ಕೇಳಿ! ಅವ್ವಾ, ಮರಾಠಿ ಬಾಳಿಹಣ್ಣು!"

ಯಾರೂ ಕೇಳದೆ, ಯಾರೂ ತೋರಿಸದೆ ಅವಳು ಓದಿದ ಮೊದಲ ಶಬ್ದ ಅದು. ಸುಮಂಗಲಾ ಬಾಳೆಹಣ್ಣು ಕೊಳ್ಳುವುದನ್ನೂ ಮರೆತು ರಸ್ತೆಯ ನಡುವೆ ಮಗಳನ್ನು ಎತ್ತಿಕೊಂಡಳು. ಹಿಂದಿನ ರಿಕ್ಷಾದವನು ಬೈದ. ಅವನಿಗೂ ಕನ್ನಡದಲ್ಲೇ ತಿರುಗಿ ಬೈದಳು.

ದೀಪಾವಳಿಯ ರಜೆಯಲ್ಲಿ ಮೂವರೂ ಲೋಕಲ್ ಹತ್ತಿ ಲೋಣಾವಳಕ್ಕೆ ಹೋದರು. ಕಿಟಕಿಗೆ ಮೂಗು ಒತ್ತಿ ಕೂತಿದ್ದ ಹುಡುಗಿ ಪ್ರತಿ ಸ್ಟೇಷನ್ನಿನ ಹಲಗೆಯನ್ನೂ ಹಿಡಿಯಲು ನೋಡುತ್ತಿದ್ದಳು. ಗಾಡಿ ನಿಧಾನವಾದಾಗ "ಕಾ-ಮ-ಶೇ-ತ" ಎಂದು ತೊಡೆಯ ಮೇಲೆ ಬಡಿಯುತ್ತ ಓದಿದಳು. ಮನೋಹರ ತಿರುಗಿ ಹಲಗೆ ನೋಡಿದ, ಮಗಳನ್ನು ನೋಡಿದ.

"ಮ್ಯಾಡಮ್ ಕಲಿಸಿದ್ರೇನು?"

"ಅಲ್ಲ, ಅವ್ವ," ಎಂದಳು ರಂಜಿನಿ, ಮುಂದಿನ ಹಲಗೆಗೆ ಕಾಯುತ್ತ.

ಅವನು ಹೆಂಡತಿಯ ಮುಖ ನೋಡಲಿಲ್ಲ. ಲೋಣಾವಳದಲ್ಲಿ ಇಳಿದ ಮೇಲೆ ಯಾರೂ ಕೇಳದೆ ದೊಡ್ಡ ಡಬ್ಬಿ ಚಿಕ್ಕಿ ತಂದ. ಸುಮಂಗಲಾ ಅದನ್ನು ಮುಟ್ಟಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದು ಮಾತು, ಚಿಕ್ಕಿಯಲ್ಲ.

ಡಿಸೆಂಬರಿನಲ್ಲಿ ಮತ್ತೆ ಪಾಲಕರ ಸಭೆ. ಅದೇ ಗಿಡ್ಡ ಕುರ್ಚಿಗಳು. ಈ ಸಲ ಮಾಧುರಿ ಮ್ಯಾಡಮ್ ನಗುನಗುತ್ತ ಹಾಳೆ ಹರವಿದಳು. ಅಂಕುಡೊಂಕಾದರೂ ಅಕ್ಷರಗಳು ತುಂಬಿದ್ದವು. ಇಂಗ್ಲಿಷಿನ ಮೂರಕ್ಷರದ ಶಬ್ದಗಳ ಮುಂದೆ ಸರಿ ಗುರುತುಗಳಿದ್ದವು.

"ಎಷ್ಟು ಬದಲಾಗಿದ್ದಾಳೆ ನೋಡಿ! ಮಾತಾಡುತ್ತಾಳೆ, ಓದುತ್ತಾಳೆ. ನಾನು ಹೇಳಿರಲಿಲ್ಲವೇ?" ಮ್ಯಾಡಮ್ ಕಾಯುತ್ತಿದ್ದ ಉಳಿದವರ ಕಡೆಗೂ ನೋಡಿದಳು. "ಇವರು ಮನೆಯಲ್ಲಿ ಕನ್ನಡ ನಿಲ್ಲಿಸಿದರು. ಫಲ ಎದುರಿಗೇ ಇದೆ. ನಮ್ಮ ಮಾತು ಕೇಳುವ ಪಾಲಕರು ಹೀಗಿರಬೇಕು."

ಮನೋಹರ ತಲೆಯಾಡಿಸಿದ. ರೂಢಿಯಿಂದ ಆಡಿಸಿದನೋ ಹೊಗಳಿಕೆಗೆ ಆಡಿಸಿದನೋ ಅವನಿಗೇ ಗೊತ್ತಿರಲಿಲ್ಲ. ಅಂತೂ ತಲೆ ಆಡಿತು.

ಸುಮಂಗಲಾ ಎದ್ದು ನಿಂತಳು. ಗಿಡ್ಡ ಕುರ್ಚಿ ಹಿಂದಕ್ಕೆ ಉರುಳಿತು. "ನಾಹಿ," ಎಂದಳು. ಇಡೀ ಕೋಣೆ ಅವಳ ಕಡೆ ತಿರುಗಿತು. ಮುರುಕು ಮರಾಠಿಯಲ್ಲಿ, ಲಿಂಗ ವಚನ ಎಲ್ಲ ತಪ್ಪಿಸುತ್ತ, ಆದರೆ ಒಂದು ಮಾತನ್ನೂ ನುಂಗದೆ ಅವಳು ಹೇಳಿದಳು. "ಸುಳ್ಳು. ನಾವು ಕನ್ನಡ ನಿಲ್ಲಿಸಿದೆವು, ಆಗ ನನ್ನ ಮಗಳು ಮೂಕಿ ಆದಳು. ಕಿವಿ ಕೀವು ಆಯಿತು, ಹೇಳಲಿಲ್ಲ. ಹೇಳಲು ಭಾಷೆ ಇರಲಿಲ್ಲ. ಮತ್ತೆ ನಾನು ಕನ್ನಡ ಮಾತಾಡಿದೆ. ದಿನಾ. ಇಡೀ ದಿನ. ಕನ್ನಡದ ಕಥೆ, ಕನ್ನಡದ ಆಟ. ಅದರಿಂದ ಓದು ಬಂತು, ನಿಮ್ಮ..." ಮುಂದಿನ ಶಬ್ದ ಸಿಗಲಿಲ್ಲ. ಅಪ್ಪಣೆ ಎನ್ನುವುದಕ್ಕೆ ಮರಾಠಿಯಲ್ಲಿ ಏನನ್ನುತ್ತಾರೆ? ಅವಳು ಗಾಳಿಯಲ್ಲಿ ಕೈ ಆಡಿಸಿದಳು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

"ಹುಕೂಮ್," ಎಂದ ಮನೋಹರ. ಅವನು ಮೇಜನ್ನೇ ನೋಡುತ್ತಿದ್ದ. ಕಿವಿಗಳು ಕೆಂಪಾಗಿದ್ದವು. "ನಿಮ್ಮ ಹುಕುಮಿನಿಂದ ಅಲ್ಲ ಅಂತಾಳೆ. ಅವಳು ಹೇಳುವುದು ನಿಜ ಮ್ಯಾಡಮ್. ಮನೆಯಲ್ಲಿ ಕನ್ನಡ ನಿಲ್ಲಿಸಿದ್ದು ನಾನು. ಓದು ಕಲಿಸಿದ್ದು ಅವಳು."

ಮ್ಯಾಡಮ್ಮಳ ನಗು ಮುಖದ ಮೇಲೆ ಹಾಗೇ ಕುಗ್ಗಿತು. "ನಾನು ಮಾಡಿದ ನಿಯಮವಲ್ಲ, ಎಲ್ಲರಿಗೂ ಹೀಗೆ ಹೇಳಬೇಕೆಂದು ನಮಗೆ ಹೇಳಿದ್ದಾರೆ," ಎಂದಳು ಸಣ್ಣ ಧ್ವನಿಯಲ್ಲಿ.

"ಹಾಗಾದರೆ ಹೇಳಿದವರಿಗೆ ನನ್ನ ಮಗಳನ್ನು ತೋರಿಸಿ," ಎಂದಳು ಸುಮಂಗಲಾ. ಈ ಸಲ ವ್ಯಾಕರಣವೂ ತಪ್ಪಲಿಲ್ಲ.

ಹಿಂದಿನ ಸಾಲಿನಲ್ಲಿ ಮರೆಮ್ಮ ಎಂಬ ಹೆಂಗಸು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಯಾದಗಿರಿ ಕಡೆಯವಳು, ಹೊಸ ಕಟ್ಟಡಗಳ ಕೆಲಸಕ್ಕೆ ಹೋಗುವವಳು. ಅವಳು ಸುಮಂಗಲಾಳ ಸೆರಗು ಹಿಡಿದು ಜಗ್ಗಿದಳು. "ಅಕ್ಕಾ, ನನಗೂ ಹಂಗs ಹೇಳ್ಯಾರ್ರಿ. ನಾ ಕೂಸಿನ ಜೋಡಿ ಮಾತs ಬಿಟ್ಟೀನಿ," ಎಂದಳು.

ಅದನ್ನು ಕೇಳಿ ಸುಮಂಗಲಾಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟೇ. "ಇವತ್ತಿನಿಂದ ಸುರು ಮಾಡು," ಎಂದಳು. "ರವಿವಾರ ನಮ್ಮ ಮನಿಗೆ ಬಾ. ಕೂಸಿನ್ನ ಕರ್ಕೊಂಡ ಬಾ."

ಶಾಲೆಯ ನಿಯಮ ಬದಲಾಗಲಿಲ್ಲ. ಮುಂದಿನ ಸಭೆಯಲ್ಲೂ ಆಡಳಿತದವರು ಅದನ್ನೇ ಮೈಕಿನಲ್ಲಿ ಹೇಳಿದರು. ಮಾಧುರಿ ಮ್ಯಾಡಮ್ ಮಾತ್ರ ಮತ್ತೆ ಯಾರನ್ನೂ ಮನೆಯ ಭಾಷೆ ಕೇಳಲಿಲ್ಲ. ಮರೆಮ್ಮ ಮೊದಲ ರವಿವಾರ ಒಬ್ಬಳೇ ಬಂದಳು. ಸಂಕ್ರಾಂತಿಯ ಹೊತ್ತಿಗೆ ಅವಳ ಹಿಂದೆ ಇನ್ನೂ ಕೆಲವರು ಮಕ್ಕಳ ಕೈ ಹಿಡಿದು ಬಂದರು. ಗೌರಾಬಾಯಿ ಎಲ್ಲರನ್ನೂ ಬೈಯುತ್ತಲೇ ತನ್ನ ಮನೆಯ ನೆಲದ ಮೇಲೆ ಚಾಪೆ ಹಾಸಿಕೊಟ್ಟಳು.

ಗಂಡನೊಂದಿಗೆ ಸುಮಂಗಲಾ ಸರಿಯಾಗಿ ಮಾತು ಶುರುಮಾಡಿದ್ದು ಅದಕ್ಕೂ ಬಹಳ ದಿನಗಳ ಮೇಲೆ. ಅಷ್ಟರಲ್ಲಿ ಅವನು ಅಂಗಿಯ ಗುಂಡಿ ಹಚ್ಚಿಕೊಳ್ಳುವುದನ್ನು ತಾನೇ ಕಲಿತಿದ್ದ.